ಗುತ್ಯಪ್ಪನ ಬಾಯಲ್ಲಿ ಗೌಡರ ಮಾತು

ಹುಣಸೆಕೊಪ್ಪದ ಟೆಲಿಫೋನ್ ಗುತ್ಯಪ್ಪನಿಗೆ ಬಿದ್ದಷ್ಟು ಪೆಟ್ಟು ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳನಿಗೂ ಬಿದ್ದಿರಲಿಕ್ಕಿಲ್ಲ. ಅವನಾಗಿ ಯಾರಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ, ಕೈ ಎತ್ತಿದವನಂತೂ ಅಲ್ಲವೇ ಅಲ್ಲ. ಒಬ್ಬರು ಆಡಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಅವನ ಕೆಲಸ, ದಾಟಿಸಿದ್ದಕ್ಕೇ ಪೆಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದವನು ಗುತ್ಯಪ್ಪನನ್ನು ನೋಡಿಯೇ ಕಟ್ಟಿರಬೇಕು.

ಹುಣಸೆಕೊಪ್ಪ ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವೆ, ನಾಲ್ಕು ಅಂಗಡಿ ಒಂದು ಬಸ್ ಸ್ಟಾಪಿನ ಊರು. ಸಾಗರದಿಂದ ಹೊಸನಗರದ ಮೇಲೆ ಬಂದ ತಂತಿ ಅಲ್ಲಿನ ಎರಡು ಕೋಣೆಯ ಎಕ್ಸ್‌ಚೇಂಜಿನಲ್ಲಿ ಕೊನೆಯಾಗುತ್ತಿತ್ತು. ತೀರ್ಥಹಳ್ಳಿಯ ತಂತಿ ಅಲ್ಲಿಂದ ಶುರು. ಎರಡನ್ನೂ ಬೋರ್ಡಿನಲ್ಲಿ ಪ್ಲಗ್ ಚುಚ್ಚಿ ಜೋಡಿಸಿದರೆ ಮಾತು ದಾಟಬೇಕು ಎಂಬುದು ಪುಸ್ತಕದ ಮಾತು. ನಿಜದಲ್ಲಿ ಜೋಡಿಸಿದ ಕೂಡಲೇ ಧ್ವನಿ ಸೊರಗಿ, ಆ ಕಡೆಯವರಿಗೂ ಈ ಕಡೆಯವರಿಗೂ ಬರೀ ಗೊರಗೊರ. ಟ್ರಂಕ್ ಕಾಲಿನ ಮೂರು ನಿಮಿಷ ‘ಹಲೋ, ಹಲೋ’ ಎನ್ನುವುದರಲ್ಲೇ ಮುಗಿದುಹೋಗುತ್ತಿತ್ತು. ನಡುವೆ ಹೆಡ್‌ಫೋನ್ ಹಾಕಿ ಕೂತವನಿಗೆ ಮಾತ್ರ ಎರಡೂ ಕಡೆಯದು ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಾಗಿ ಆ ಕಡೆಯ ಮಾತನ್ನು ಈ ಕಡೆಗೂ, ಈ ಕಡೆಯದನ್ನು ಆ ಕಡೆಗೂ ಅವನೇ ಮತ್ತೆ ಆಡಬೇಕಾಗಿತ್ತು. ಟೆಲಿಗ್ರಾಂ ಬಂದರೂ ಅದೇ ಕತೆ. ಸಾಗರದಿಂದ ಬರುವ ಟಕಟಕ ಸಂಕೇತವನ್ನು ಕಿವಿಯಲ್ಲಿ ಹಿಡಿದು, ಫಾರಂ ಮೇಲೆ ಬರೆದು, ಬರೆದದ್ದನ್ನು ತೀರ್ಥಹಳ್ಳಿಗೆ ಫೋನಿನಲ್ಲಿ ಓದಬೇಕು. ಅಲ್ಲಿಂದ ಬಂದ ಉತ್ತರವನ್ನು ಮತ್ತೆ ಕೀ ಒತ್ತಿ ಟಕಟಕ ಮಾಡಿ ಸಾಗರಕ್ಕೆ ಕಳಿಸಬೇಕು.

ಈ ವಿದ್ಯೆ ಕಲಿಸಿದವನು ಹಿಂದಿನ ಆಪರೇಟರ್ ಗೋಪಾಲಪ್ಪ. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ರಿಟೈರಾಗುವ ಮುಂಚೆ ಅವನು ಹೇಳಿಕೊಟ್ಟದ್ದು ಇಷ್ಟೇ: “ಸೇರಿಸ್ಬ್ಯಾಡ, ಕಳೀಬ್ಯಾಡ. ಅವ್ರು ‘ನಾನು’ ಅಂದ್ರೆ ನೀನೂ ‘ನಾನು’ ಅನ್ನು. ‘ಅವ್ರು ಹೀಂಗಂದ್ರು, ಇವ್ರು ಹಾಂಗಂದ್ರು’ ಅಂತ ಪುರಾಣ ಓದ್ತಾ ಕೂತ್ರೆ ಮೂರು ನಿಮಿಷ ಎಲ್ಲಿ ಸಾಕಾಗ್ತದೆ ಮಾರಾಯ?”

ಗುತ್ಯಪ್ಪ ಗುರುವನ್ನು ಮೀರಿಸಿದ ಶಿಷ್ಯ. ಮಾತಿನ ಜೊತೆಗೆ ಮಾತಿನ ಧಾಟಿಯನ್ನೂ ದಾಟಿಸುತ್ತಿದ್ದ. ಸಿಟ್ಟಿನಲ್ಲಿ ಗದರಿದವರದನ್ನು ಗದರಿಯೇ ಹೇಳುತ್ತಿದ್ದ, ಅತ್ತವರ ಮಾತನ್ನು ಅಳುತ್ತಲೇ ಹೇಳುತ್ತಿದ್ದ. ಇದರಿಂದ ಆದ ಅನಾಹುತ ಏನೆಂದರೆ, ನಡುವೆ ಗುತ್ಯಪ್ಪ ಎಂಬ ಮನುಷ್ಯನೊಬ್ಬ ಕೂತಿದ್ದಾನೆ ಎಂಬುದನ್ನೇ ಜನ ಮರೆತರು. ಅವನ ಧ್ವನಿಯೇ ಅಪ್ಪನದು, ಅಣ್ಣನದು, ಸಾಹುಕಾರನದು ಆಗಿಬಿಟ್ಟಿತು. ಸಾಗರದ ಅಡಿಕೆ ವ್ಯಾಪಾರಿ ಹೇರಂಬನನ್ನು ಅವನ ಬಾವ ಫೋನಿನಲ್ಲಿ ‘ಕಳ್ಳ ಸೂಳೆಮಗನೇ’ ಎಂದಿದ್ದ. ಎರಡು ದಿನದ ಮೇಲೆ ಹೇರಂಬ ಬಸ್ಸಿಳಿದು ಸೀದಾ ಎಕ್ಸ್‌ಚೇಂಜಿಗೆ ಬಂದವನೇ ಗುತ್ಯಪ್ಪನ ಕೆನ್ನೆಗೆ ಚಪ್ಪಲಿಯಲ್ಲಿ ಬಾರಿಸಿದ.

“ಅಂದಿದ್ದು ನಿಮ್ಮ ಬಾವ ಮಾರಾಯ್ರೇ!”

“ಬಾವ ಅಂದಿದ್ದು ಯಾರಿಗೆ ಕೇಳ್ತು? ನನ್ನ ಕಿವೀಲಿ ಬಿದ್ದಿದ್ದು ನಿನ್ನ ಧ್ವನಿ!”

ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು? ಇಂಥವು ವರ್ಷಕ್ಕೊಂದೆರಡು ಬೀಳುತ್ತಿದ್ದವು. ಒಬ್ಬ ಕೊಡೆಯಿಂದ ತಿವಿದ, ಇನ್ನೊಬ್ಬ ತಲೆಯನ್ನು ಬೋರ್ಡಿಗೇ ಗುದ್ದಿಸಿದ. ಗುತ್ಯಪ್ಪ ಮುಖ ತೊಳೆದು ಮತ್ತೆ ಹೆಡ್‌ಫೋನ್ ಹಾಕುತ್ತಿದ್ದ.

ಬೀಳಬೇಕಾಗಿದ್ದ ಪೆಟ್ಟು ಬೀಳದೇ ಹೋದದ್ದು ಒಂದು ಸಲ ಮಾತ್ರ, ಅವನು ಸಾಯುವ ತನಕ ಮರೆಯದೇ ಹೋದದ್ದೂ ಅದೇ. ಎಪ್ಪತ್ತಮೂರರಲ್ಲಿ ಸಾಗರದ ಕಡೆಗೆ ಮದುವೆಯಾಗಿ ಹೋಗಿದ್ದ ರಂಗಮ್ಮ ಎಂಬ ಹೆಣ್ಣುಮಗಳು ತವರಿಗೆ ಫೋನ್ ಮಾಡಿದಳು. ತೀರ್ಥಹಳ್ಳಿಯ ಅಂಗಡಿಯಲ್ಲಿ ಫೋನ್ ಎತ್ತಿದವಳು ಅವಳ ತಾಯಿ ಕೆರಿಯಮ್ಮ, ಎದೆನೋವಿನ ಮುದುಕಿ. ರಂಗಮ್ಮ ಹೇಳಿದ್ದು: “ಅಣ್ಣಂಗೆ ಹೇಳು, ಇವತ್ತೇ ಬರ್ಲಿ. ನಿನ್ನೆ ಒನಕೇಲಿ ಹೊಡ್ದಾರೆ. ನಾಳೆಗೆ ನಾನು ಉಳ್ಯಲ್ಲ.” ಇದನ್ನು ಇದ್ದ ಹಾಗೆ ಹೇಳಿದರೆ ಮುದುಕಿ ಅಲ್ಲೇ ಕುಸಿದಾಳು ಎಂದು ಗುತ್ಯಪ್ಪನಿಗೆ ಕನಿಕರ ಬಂತು. “ಅಣ್ಣ ಬಿಡುವಾದಾಗ ಒಂದ್ಸಾರಿ ಬಂದು ಹೋಗ್ಲಿ” ಎಂದ. ಅಣ್ಣನಿಗೆ ಬಿಡುವಾಗುವ ಮುಂಚೆ, ಮೂರನೇ ದಿನ, ಸಾಗರದ ಕೀ ಟಕಟಕ ಎಂದಿತು. ರಂಗಮ್ಮ ಸತ್ತಿದ್ದಾಳೆ, ಹೊರಟು ಬನ್ನಿ. ಅದನ್ನೂ ಫಾರಂ ಮೇಲೆ ಬರೆದು ಓದಿದವನು ಅವನೇ.

ಉತ್ತರಕ್ರಿಯೆ ಮುಗಿಸಿ ಬಂದ ಅಣ್ಣ ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು, “ಅವ್ಳು ಅಷ್ಟೇ ಅಂದ್ಲಾ?” ಎಂದು ಕೇಳಿದ. ಗುತ್ಯಪ್ಪನಿಗೆ ಸುಳ್ಳು ಬರಲಿಲ್ಲ. ಅವಳು ಆಡಿದ್ದನ್ನು ಅವಳದೇ ಧಾಟಿಯಲ್ಲಿ ಪೂರ್ತಿ ಹೇಳಿದ. ಅಣ್ಣ ಹೊಡೆಯಲಿಲ್ಲ, ಮೆಟ್ಟಿಲ ಮೇಲೆ ಕೂತು ಸಂಜೆಯ ಬಸ್ಸಿನ ತನಕ ಏಳಲೇ ಇಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಗುತ್ಯಪ್ಪ ಹೆಂಡತಿ ಹಾಲಮ್ಮನ ಹತ್ತಿರ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಅಂದಿನಿಂದ, ಆಕಾಶವೇ ಕಳಚಿ ಬಿದ್ದರೂ ಆಡಿದ ಮಾತಿನಲ್ಲಿ ಒಂದಕ್ಷರ ಕಳೆಯುವುದಿಲ್ಲ ಎಂದು ಆಣೆ ಹಾಕಿಕೊಂಡ. ಆಣೆ ಹಾಕುವವರಿಗೆ ಮುಂದಿನದು ಗೊತ್ತಿರುವುದಿಲ್ಲ, ಅದೇ ತೊಂದರೆ.

ಮೇಳಿಗೆಯ ಹತ್ತಿರ ಹೂವಯ್ಯ ಗೌಡರು ಎಂಬ ಜಮೀನ್ದಾರರಿದ್ದರು. ಅವರ ಅಕ್ಕನ ಮಗ ಚಂದ್ರಯ್ಯ ಸಾಗರದಲ್ಲಿ ಮರ ಕೊಯ್ಯುವ ಮಿಲ್ ನಡೆಸುತ್ತಿದ್ದ. ವಾರಕ್ಕೆ ಎರಡು ಸಲ ಮಾವ ಅಳಿಯನಿಗೆ ಫೋನು, ಎಂಟು ವರ್ಷದಿಂದ. ಮಾವ ಸಾಗರಕ್ಕೆ ಹೋಗುವವರಲ್ಲ, ಅಳಿಯ ಹಬ್ಬಕ್ಕಷ್ಟೇ ಬರುವವನು. ಹಾಗಾಗಿ ಚಂದ್ರಯ್ಯನ ಕಿವಿಗೆ ಮಾವನ ಗದರಿಕೆ ಎಂದರೆ ಗುತ್ಯಪ್ಪನ ಗದರಿಕೆಯೇ. ಇಬ್ಬರೂ ಗುತ್ಯಪ್ಪನ ಮುಖ ಸರಿಯಾಗಿ ನೋಡಿದವರಲ್ಲ.

ಗೌಡರ ನಾಲ್ಕೆಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು ಬೆಳ್ಳಪ್ಪ. ಉಳುವವನಿಗೇ ಭೂಮಿ ಎಂದು ಕಾನೂನು ಬಂದಾಗ ಅವನೂ ಅರ್ಜಿ ಹಾಕಿದ. ಗೌಡರ ಆಳುಗಳು ಅವನ ಗುಡಿಸಲಿಗೆ ಬೆಂಕಿ ಕೊಟ್ಟರು, ಉಳುವ ಎತ್ತಿನ ಕಾಲು ಕಡಿದರು. ಬೆಳ್ಳಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ, ಅಂದರೆ ದೊಡ್ಡ ಯಂತ್ರದ ದೋಣಿಯಲ್ಲಿ, ದಾಟಿ ಆಚೆ ತುಮರಿಯಲ್ಲಿದ್ದ ಹೆಂಡತಿಯ ತವರು ಸೇರಿದ. ಎಪ್ಪತ್ತೆಂಟರ ಏಪ್ರಿಲ್ ತಿಂಗಳ ಒಂದು ಸೋಮವಾರ ತೀರ್ಥಹಳ್ಳಿಯ ಭೂ ನ್ಯಾಯಮಂಡಳಿಯಲ್ಲಿ ಅವನ ಕೊನೆಯ ವಿಚಾರಣೆ. ಬಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರೆ ಗದ್ದೆ ಅವನದು, ಬರದಿದ್ದರೆ ಅರ್ಜಿ ವಜಾ.

ಅದರ ಹಿಂದಿನ ಗುರುವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಗೌಡರ ಕಾಲ್ ಬಂತು. ಗುತ್ಯಪ್ಪ ಪ್ಲಗ್ ಚುಚ್ಚಿ, ಹಿಡಿ ತಿರುಗಿಸಿ, ಚಂದ್ರಯ್ಯನನ್ನು ಕರೆದ. ಗೌಡರು ಸಾವಕಾಶವಾಗಿ, ಬೀಜದ ಭತ್ತದ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದರು:

“ಚಂದ್ರಾ, ಭಾನುವಾರ ಮಧ್ಯಾಹ್ನದ ಲಾಂಚಿಗೆ ಬೆಳ್ಳಪ್ಪ ದಾಟ್ತಾನೆ. ಸೋಮವಾರ ಅವ್ನು ಇಲ್ಲಿ ಹೆಬ್ಬೆಟ್ಟು ಒತ್ಬಾರ್ದು ಕಣಾ. ಎರಡೂ ಕೈ ತೆಗಿ. ಮೊದ್ಲು ಎಡಗೈ, ಆಫೀಸಲ್ಲಿ ಕೇಳಾದು ಎಡಗೈದು. ಜೀವ ಮಾತ್ರ ತೆಗೀಬ್ಯಾಡ. ಸತ್ರೆ ಹೆಂಡ್ತಿ ಮಕ್ಳು ಬಂದು ಒತ್ತುತಾರೆ.”

ಸಾಗರದ ಕಡೆಯಿಂದ ಚಂದ್ರಯ್ಯ, “ಮಾವಾ, ಎಂತ ಅಂದ್ರಿ? ಕೇಳ್ಲಿಲ್ಲ” ಎನ್ನುತ್ತಿದ್ದ. ಆ ಕ್ಷಣಕ್ಕೆ ಲೈನ್ ಸತ್ತಿದೆ ಎನ್ನಬಹುದಿತ್ತು. ಪ್ಲಗ್ ಕೀಳಬಹುದಿತ್ತು. ಆದರೆ ಅವನ ತಲೆಯೊಳಗೆ ಬಂದದ್ದು ರಂಗಮ್ಮ. ಒಮ್ಮೆ ಕಳೆದಿದ್ದಕ್ಕೆ ಒಂದು ಹೆಣ ಬಿದ್ದಿತ್ತಲ್ಲ. ಹಾಳು ಅಭ್ಯಾಸ ಬಾಯಿ ತೆರೆಸಿತು. “ಚಂದ್ರಾ,” ಎಂದು ಗೌಡರ ಧಾಟಿಯಲ್ಲೇ ಶುರು ಮಾಡಿ, ‘ಎರಡೂ ಕೈ ತೆಗಿ’ ಎಂಬುದನ್ನೂ ಬಿಡದೆ, ಕೊನೆಯ ತನಕ ಒಪ್ಪಿಸಿದ.

“ಆಗ್ಲಿ ಮಾವ,” ಎಂದ ಚಂದ್ರಯ್ಯ. “ಬ್ಯಾಸಗೇಲಿ ನೀರು ಇಳ್ದದೆ, ಲಾಂಚ್ ತೀರಾ ಕೆಳಗೆ ನಿಲ್ತದೆ. ಮುಳುಗಡೆ ಬೊಡ್ಡೆಗಳ ಮಧ್ಯೆ ನಡ್ಕಂಡೇ ಮೇಲೆ ಬರ್ಬೇಕು. ಅಲ್ಲೇ ಮುಗಿಸ್ತೀನಿ.” ಗುತ್ಯಪ್ಪ ಅದನ್ನೂ ದಾಟಿಸಿದ. ಗೌಡರು “ಸರಿ, ಇಡು” ಎಂದರು. ಅವರಿಗೆ ತಂತಿಯ ನಡುವೆ ಒಬ್ಬನಿಗೆ ಕಿವಿಯಿದೆ, ಕಿವಿಯ ಹಿಂದೆ ತಲೆಯಿದೆ ಎಂದು ಹೊಳೆದೇ ಇರಲಿಲ್ಲ.

ಊಟಕ್ಕೆ ಮನೆಗೆ ಹೋದವನು ಅನ್ನ ಮುಟ್ಟಲಿಲ್ಲ. ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿದ. ತನ್ನ ಬಾಯಿಯೇ ಹೇಸಿಗೆಯಾಗಿತ್ತು ಅವನಿಗೆ. ಹಾಲಮ್ಮ ಪೂರಾ ಕೇಳಿಕೊಂಡು, “ನೀವು ಹೇಳಿಯೇ ಬಿಟ್ರಾ?” ಎಂದಳು.

“ನಾ ಹೇಳ್ದಿದ್ರೆ ಬಸ್ಸಲ್ಲಿ ಚೀಟಿ ಕಳಿಸ್ತಿದ್ರು. ಯಾರಾದ್ರೂ ಹೇಳೇ ಹೇಳ್ತಿದ್ರು.”

“ಆ ಯಾರಾದ್ರೂ ಹೇಳ್ಲಿ. ನೀವ್ಯಾಕೆ ಹೇಳಿದ್ರಿ?”

ಗುತ್ಯಪ್ಪ ಮಾರನೇ ದಿನ ಪೊಲೀಸರ ಹತ್ತಿರ ಹೋದರೆ ಪೇದೆಯೊಬ್ಬ, “ಆಡಿದ ಮಾತಿಗೆಲ್ಲ ಕೇಸ್ ಹಾಕ್ತಾ ಕೂತ್ರೆ ಆಯ್ತು. ಕಡಿದ ಮೇಲೆ ಬಾ” ಎಂದು ಕಳಿಸಿದ. ಬೆಳ್ಳಪ್ಪನಿಗೆ ಟೆಲಿಗ್ರಾಂ ಕೊಟ್ಟರೆ ಅದು ನೀರು ದಾಟುವ ಹೊತ್ತಿಗೆ ಸೋಮವಾರ ಕಳೆದಿರುತ್ತಿತ್ತು. ಉಳಿದದ್ದು ಒಂದೇ ದಾರಿ. ಭಾನುವಾರ ಬೋರ್ಡಿಗೆ ರಜೆ. ಬೆಳಗಿನ ಮೊದಲ ಬಸ್ಸಿಗೆ ಗುತ್ಯಪ್ಪ ಸಾಗರಕ್ಕೆ ಹೋಗಿ, ಅಲ್ಲಿಂದ ಲಾಂಚಿನ ದಡ ಸೇರಿದ.

ಚಂದ್ರಯ್ಯ ಹೇಳಿದಂತೆಯೇ ನೀರು ಇಳಿದಿತ್ತು. ರಸ್ತೆಯಿಂದ ನೀರಿನವರೆಗೆ ಒಣಗಿ ಬಿರಿದ ಕೆಸರು, ಅದರ ತುಂಬ ಮುಳುಗಡೆಯಲ್ಲಿ ಸತ್ತ ಮರಗಳ ಕರಿ ಬೊಡ್ಡೆಗಳು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಲಾಂಚಿನಿಂದ ಮೂವತ್ತು ಮಂದಿ ಇಳಿದರು. ಬೆಳ್ಳಪ್ಪನ ಮುಖ ಗುತ್ಯಪ್ಪ ಕಂಡವನಲ್ಲ. ಅವನು ಬಲ್ಲದ್ದು ಜನರ ಧ್ವನಿ ಮಾತ್ರ, ಬಡ ಬೆಳ್ಳಪ್ಪನಿಗೆ ಟ್ರಂಕ್ ಕಾಲ್ ಮಾಡುವ ಭಾಗ್ಯವೇ ಇರಲಿಲ್ಲ. ಬೇರೆ ದಾರಿ ಕಾಣದೆ ಅವನು ಕೂಗಿದ:

“ಇದ್ರಲ್ಲಿ ಬೆಳ್ಳಪ್ಪ ಅಂದ್ರೆ ಯಾರು?”

ಎಂಥ ದಡ್ಡತನ! ಗುಡಿಸಲು ಸುಟ್ಟುಹೋದವನು, ಅಪರಿಚಿತ ತನ್ನ ಹೆಸರು ಕೂಗಿದರೆ ‘ನಾನೇ’ ಅನ್ನುತ್ತಾನೆಯೇ? ಬಗಲಲ್ಲಿ ಕಾಗದದ ಗಂಟು ಅವುಚಿಕೊಂಡಿದ್ದ ತೆಳ್ಳನೆಯ ಮನುಷ್ಯನೊಬ್ಬ ಜನರ ಗುಂಪು ಬಿಟ್ಟು ಬೊಡ್ಡೆಗಳ ನಡುವೆ ಓಡಿದ. ಜೊತೆಯಲ್ಲೇ ಇದ್ದಿದ್ದರೆ ಮೂವತ್ತು ಜನರ ಮುಂದೆ ಯಾರೂ ಕೈ ಮಾಡುತ್ತಿರಲಿಲ್ಲವೇನೋ. ಉಳಿಸಲು ಬಂದ ಪುಣ್ಯಾತ್ಮನೇ ಅವನನ್ನು ಓಡಿಸಿ ಬಲೆಗೆ ಕೆಡವಿದಂತಾಯಿತು. ದೊಡ್ಡ ಬೊಡ್ಡೆಯೊಂದರ ಹಿಂದೆ ಅಡಗಿ ಕೂತಿದ್ದ ಮೂವರು ಎದ್ದು ನಿಂತರು.

ಒಬ್ಬ ಬೆಳ್ಳಪ್ಪನ ಮೊಣಕಾಲಿಗೆ ದೊಣ್ಣೆಯಿಂದ ಹೊಡೆದ ಶಬ್ದ ಗುತ್ಯಪ್ಪನಿಗೆ ನೂರು ಗಜದಾಚೆಗೂ ಕೇಳಿತು. ಬೆಳ್ಳಪ್ಪ ಕವುಚಿ ಬಿದ್ದ. ಇಬ್ಬರು ಅವನ ಬೆನ್ನಿನ ಮೇಲೆ ಕೂತು ಎಡಗೈಯನ್ನು ಎಳೆದು ಬೊಡ್ಡೆಯ ಮೇಲಿಟ್ಟರು. ಮೂರನೆಯವನ ಕೈಯಲ್ಲಿ ಕತ್ತಿ. “ಅಲ್ಲಾಡಿಸ್ಬ್ಯಾಡ್ರಾ, ಸರಿ ಹಿಡೀರಿ,” ಎಂದ ಅವನು, ಕುರಿ ಕಡಿಯುವವನ ನೆಮ್ಮದಿಯಲ್ಲಿ. ಎಂಟು ವರ್ಷ ಕಿವಿಯಲ್ಲಿ ಕೂತ ಧ್ವನಿ ಅದು, ಚಂದ್ರಯ್ಯನದು. ಗುತ್ಯಪ್ಪ ಓಡುತ್ತಲೇ ಇದ್ದ, ಕೆಸರಿನ ಬಿರುಕಿಗೆ ಕಾಲು ಸಿಕ್ಕಿ ಮುಗ್ಗರಿಸಿದ, ಮತ್ತೆ ಎದ್ದ. ಕತ್ತಿ ಇಳಿಯಿತು. ಬೆಳ್ಳಪ್ಪ ಇದ್ದ ಶಕ್ತಿಯನ್ನೆಲ್ಲ ಹಾಕಿ ಕೈ ತಿರುಚಿದ್ದರಿಂದ ಮಣಿಕಟ್ಟಿಗೆ ಬೀಳಬೇಕಿದ್ದ ಏಟು ಕೊನೆಯ ಎರಡು ಬೆರಳಿಗೆ ಬಿತ್ತು. ಬೆರಳುಗಳು ಬೊಡ್ಡೆಯ ಆಚೆಗೆ ಹಾರಿದವು. ಬೆಳ್ಳಪ್ಪನ ಕೂಗಿಗೆ ನೀರಿನ ಮೇಲಿದ್ದ ಕೊಕ್ಕರೆಗಳು ಎದ್ದವು. ಚಂದ್ರಯ್ಯ ಕತ್ತಿಯನ್ನು ಪಂಚೆಗೆ ಒರಸಿ ಮತ್ತೆ ಎತ್ತಿದ.

ಇನ್ನೂ ಐವತ್ತು ಗಜ ಇತ್ತು. ತಲುಪುವಷ್ಟರಲ್ಲಿ ಮುಗಿಯುತ್ತಿತ್ತು. ಗುತ್ಯಪ್ಪನ ಬಳಿ ದೊಣ್ಣೆಯಿಲ್ಲ, ಚಾಕುವಿಲ್ಲ, ತೋಳಿನಲ್ಲಿ ಬಲವೂ ಇಲ್ಲ. ಅವನ ಎದೆಯಿಂದ, ಅವನೇ ಯೋಚಿಸುವ ಮುಂಚೆ, ಹೂವಯ್ಯ ಗೌಡರು ಗದರಿದರು:

“ಚಂದ್ರಾ! ಬ್ಯಾಡ ಕಣಾ! ಬಿಡು ಅವ್ನನ್ನ!”

ಚಂದ್ರಯ್ಯನ ಕೈ ಮೇಲೆಯೇ ನಿಂತಿತು. “ಮಾವಾ?” ಎಂದು ಹಿಂದೆ ತಿರುಗಿ, ರಸ್ತೆಯ ಕಡೆ, ಲಾಂಚಿನ ಕಡೆ, ಗಾಬರಿಯಿಂದ ಹುಡುಕಿದ. ಎದುರಿಗೆ ಓಡಿಬರುತ್ತಿದ್ದ ಖಾಕಿ ಅಂಗಿಯ ಪೀಚಲು ಮನುಷ್ಯನ ಮೇಲೆ ಅವನ ಕಣ್ಣು ನಿಲ್ಲಲೇ ಇಲ್ಲ. ಅವನು ಹುಡುಕುತ್ತಿದ್ದುದು ಮಾವನನ್ನು.

“ಕೇಳ್ಲಿಲ್ಲೇನಾ? ಕತ್ತಿ ಕೆಳಗಿಡು! ಅವ್ರನ್ನ ಕರ್ಕಂಡು ಮಿಲ್ಲಿಗೆ ನಡಿ!”

“ಆಗ್ಲಿ ಮಾವ,” ಎಂದ ಚಂದ್ರಯ್ಯ. ಅಭ್ಯಾಸ! ಗಾಳಿಗೆ ಆ ಮಾತು ಹೇಳಿಯೂ ಆಯಿತು, ಕತ್ತಿ ಇಳಿಸಿಯೂ ಆಯಿತು. ಬೆನ್ನ ಮೇಲಿದ್ದವರು ಧಣಿಯ ಮುಖ ನೋಡಿ ಹಿಡಿತ ಬಿಟ್ಟರು. ಅಷ್ಟು ಸಾಕಾಯಿತು. ಬೆಳ್ಳಪ್ಪ ಉರುಳಿ ಪಾರಾದ, ಲಾಂಚಿನ ಜನ ಕೂಗು ಕೇಳಿ ಕಲ್ಲು ಎತ್ತಿಕೊಂಡು ಓಡಿಬಂದರು. ಮೋಸ ಹೋದದ್ದು ಚಂದ್ರಯ್ಯನಿಗೆ ತಿಳಿದಾಗ ಗುತ್ಯಪ್ಪ ಅವನ ಎದುರಿಗೇ ನಿಂತಿದ್ದ. ಕತ್ತಿಯ ಹಿಂಬದಿಯಿಂದ ಅವನ ಭುಜಕ್ಕೆ ಒಂದು ಹಾಕಿ ಮೂವರೂ ಕಾಡು ಹತ್ತಿದರು.

ಗುತ್ಯಪ್ಪ ತನ್ನ ಟವೆಲನ್ನು ಬೆಳ್ಳಪ್ಪನ ಕೈಗೆ ಬಿಗಿದು ಕಟ್ಟಿದ. “ನೀನ್ಯಾರು? ಅವ್ರ ಪೈಕಿಯವ್ನಾ?” ಎಂದು ಬೆಳ್ಳಪ್ಪ ನಡುಗುತ್ತ ಕೇಳಿದ. “ಅಲ್ಲ ಮಾರಾಯ, ನಿನ್ನ ಕೈ ತೆಗಿ ಅಂತ ಇವ್ರಿಗೆ ಹೇಳಿದವ್ನು ನಾನೇ,” ಎಂದು ಗುತ್ಯಪ್ಪ ಬಿಕ್ಕಿ ಬಿಕ್ಕಿ ಅತ್ತ. ಬೆಳ್ಳಪ್ಪನಿಗೆ ಇದರ ತಲೆಬುಡ ತಿಳಿಯಲಿಲ್ಲ. ಸಾಗರದಲ್ಲಿ ಹೊಲಿಗೆ ಹಾಕಿಸಿ, ಸೋಮವಾರದ ಮೊದಲ ಬಸ್ಸಿಗೆ ಇಬ್ಬರೂ ತೀರ್ಥಹಳ್ಳಿಗೆ ಹೋದರು. ಗುಮಾಸ್ತ ಎಡಗೈ ಎಂದ. ಬೆಳ್ಳಪ್ಪ ಬ್ಯಾಂಡೇಜಿನಿಂದ ಹೆಬ್ಬೆರಳು ಹೊರಕ್ಕೆ ಚಾಚಿ ಒತ್ತಿದ. ಕಾಗದದ ಮೇಲೆ ಮಸಿ ಸ್ವಲ್ಪ, ರಕ್ತ ಸ್ವಲ್ಪ. ಅತ್ತ ಕಡೆಯ ಬೆಂಚಿನಲ್ಲಿ ಕೂತಿದ್ದ ಹೂವಯ್ಯ ಗೌಡರು ಎದ್ದು ಹೊರಗೆ ನಡೆದರು.

ಮಂಗಳವಾರ ಎಕ್ಸ್‌ಚೇಂಜಿನ ಮುಂದೆ ಜೀಪು ನಿಂತಿತು. ಗೌಡರು ಒಬ್ಬರೇ ಇಳಿದರು, ಕೈಯಲ್ಲಿ ಜೀಪು ಶುರು ಮಾಡುವ ಕಬ್ಬಿಣದ ಹ್ಯಾಂಡಲ್. ಊಟದ ಡಬ್ಬಿ ತಂದಿದ್ದ ಹಾಲಮ್ಮ ಒಳಗೇ ಇದ್ದಳು.

“ಭಾನುವಾರ ಆ ಮಾತು ನಾನು ಆಡಿದ್ನೇನೋ?”

ಗುತ್ಯಪ್ಪ ಹೆಡ್‌ಫೋನ್ ತೆಗೆದಿಟ್ಟು ಎದ್ದು ನಿಂತ. “ಇಲ್ಲ ಗೌಡ್ರೇ. ನಾನು ಆಡಿದ್ದು.”

“ನನ್ನ ಧ್ವನೀಲಿ ಮಾತಾಡಕ್ಕೆ ನೀನ್ಯಾವನೋ, ತಂತಿ ನಾಯಿ?”

ಮೊದಲ ಏಟು ದವಡೆಗೆ ಬಿತ್ತು. ಎರಡನೆಯದೂ ಅಲ್ಲಿಗೇ. ಹಲ್ಲುಗಳು ಬೋರ್ಡಿಗೆ ಬಡಿದು ನೆಲಕ್ಕೆ ಉದುರಿದವು. ಬಿದ್ದವನ ಬಾಯಿಗೆ ಗುರಿಯಿಟ್ಟು ಗೌಡರು ಮೂರನೆಯದನ್ನು ಎತ್ತಿದಾಗ ಹಾಲಮ್ಮ ಅವರ ಮುಂಗೈಗೆ ಬಾಯಿ ಹಾಕಿ ಕಚ್ಚಿದಳು, ಎಲುಬು ಸಿಗುವಷ್ಟು ಕಚ್ಚಿದಳು. ಅಂಗಡಿಗಳವರು ಬಂದು ಬಿಡಿಸಿದಾಗ ಗೌಡರ ಕೈಯಿಂದಲೂ ರಕ್ತ ಸೋರುತ್ತಿತ್ತು.

ಗುತ್ಯಪ್ಪನ ದವಡೆ ಮೂರು ತಿಂಗಳು ತಂತಿ ಕಟ್ಟಿಸಿಕೊಂಡು ಕೂಡಿತು, ಸೊಟ್ಟಗೆ ಕೂಡಿತು. ಮಾತು ತೊದಲಾಯಿತು. ಬೆಳ್ಳಪ್ಪನಿಗೆ ನಾಲ್ಕೆಕರೆ ಬಂತು. ಚಂದ್ರಯ್ಯನ ಮೇಲಿನ ಕೇಸಿನಲ್ಲಿ ಲಾಂಚಿನ ಮೂವತ್ತು ಜನರಿಗೂ ಅಂದು ಬಿಸಿಲಿಗೆ ಕಣ್ಣು ಕಾಣಲಿಲ್ಲವಂತೆ. ಗೌಡರ ಮೇಲೆ ಕೇಸೇ ಆಗಲಿಲ್ಲ. ಆದದ್ದು ಗುತ್ಯಪ್ಪನ ಮೇಲೆ. ಗೌಡರ ದೂರಿನ ಮೇಲೆ ಇಲಾಖೆಯಿಂದ ನೋಟಿಸ್ ಬಂತು: ಗ್ರಾಹಕರು ಆಡದ ಮಾತನ್ನು ಅವರ ಧ್ವನಿಯಲ್ಲಿ ಆಡಿದ್ದು ನಿಜವೇ? ನಿಜವಾದರೆ ಕೆಲಸದಿಂದ ಏಕೆ ತೆಗೆಯಬಾರದು? ಹದಿನೈದು ದಿನದಲ್ಲಿ ಉತ್ತರ ಕೊಡತಕ್ಕದ್ದು.

ಏನಾದರೂ ಸುಳ್ಳು ಬರೆದು ಕೆಲಸ ಉಳಿಸಿಕೊ ಎಂದು ನಾಲ್ಕು ಜನ ಬುದ್ಧಿ ಹೇಳಿದರು. ಹಾಲಮ್ಮ ಮಾತ್ರ ದೀಪದ ಹತ್ತಿರ ಕಾಗದ ಪೆನ್ನು ತಂದಿಟ್ಟಳು. ಗುತ್ಯಪ್ಪ ದುಂಡಗಿನ ಅಕ್ಷರದಲ್ಲಿ ಬರೆದ:

“ಆಡಿದ್ದು ನಿಜ. ಅದನ್ನು ನಾನು ಗುರುವಾರ ಹನ್ನೊಂದೂ ಕಾಲಿಗೇ ಆಡಬೇಕಿತ್ತು. ಮೂರು ದಿನ ತಡ ಮಾಡಿದ್ದರಿಂದ ಒಬ್ಬ ಮನುಷ್ಯನ ಎರಡು ಬೆರಳು ಹೋದವು. ಆ ತಪ್ಪಿಗೆ ತಾವು ಕೊಡುವ ಯಾವ ಶಿಕ್ಷೆಗೂ ಒಪ್ಪಿದ್ದೇನೆ.”